ಮೊದಲ ಓವರ್ ಯಾರಿಗೆ, ಕೊನೆಯ ಓವರ್ ಯಾರಿಗೆ? ಬೇಸ್‌ಬಾಲ್‌ನಿಂದ ನಮ್ಮ ಭಾನುವಾರದ ತಂಡಕ್ಕೆ

(ವಿಡಿಯೊದಲ್ಲಿ ಆಡಿದ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನು ಸ್ವಲ್ಪ ಸರಿಮಾಡಿದ್ದೇವೆ.)



ನಾನು ಮಾತಾಡ್ತಿರೋದು ಪುಣೆಯ ಖಡಕಿಯಿಂದ. ಊರು ದಾವಣಗೆರೆ, ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್, ಹೊಟ್ಟೆಪಾಡು ಸಾಫ್ಟ್‌ವೇರ್. ಖಡಕಿ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಇದು ಹಳೇ ಮುಂಬೈ-ಪುಣೆ ರಸ್ತೆಯ ಮೇಲಿರೋ ಕಂಟೋನ್ಮೆಂಟ್. 1869ರಲ್ಲಿ ಶುರುವಾದ ಮದ್ದುಗುಂಡಿನ ಕಾರ್ಖಾನೆ ಇಲ್ಲಿದೆ, ಬಾಂಬೆ ಸ್ಯಾಪರ್ಸ್ ಅನ್ನೋ ಸೇನಾ ಎಂಜಿನಿಯರ್‌ಗಳ ಕೇಂದ್ರ ಇದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳೂ ಈ ಸುತ್ತಮುತ್ತ ಇವೆ.

ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಲೆದರ್ ಬಾಲ್‌ನಲ್ಲಿ 20 ಓವರಿನ ಪಂದ್ಯ ಆಡ್ತೀವಿ. ಮರಾಠಿಯವರೇ ಜಾಸ್ತಿ, ಕನ್ನಡದವರು ನಾಲ್ಕೈದು ಜನ. 2014ರ ರಣಜಿ ಫೈನಲ್‌ನಲ್ಲಿ ಕರ್ನಾಟಕ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿದ್ದನ್ನು ನಾವು ಈಗಲೂ ವರ್ಷಕ್ಕೊಮ್ಮೆ ನೆನಪಿಸ್ತೀವಿ, ಅವರು ಬೈತಾರೆ, ಆಮೇಲೆ ಚಹಾ ಕುಡಿತೀವಿ. ತಂಡದಲ್ಲಿ ನನ್ನ ಕೆಲಸ ಸ್ಕೋರ್ ಬುಕ್ ಬರೆಯೋದು, ಮತ್ತೆ ಯಾರು ಯಾವಾಗ ಬೌಲಿಂಗ್ ಮಾಡಬೇಕು ಅನ್ನೋ ಪಟ್ಟಿಯನ್ನು ಕ್ಯಾಪ್ಟನ್‌ಗೆ ಮಾಡಿಕೊಡೋದು.

ಇವತ್ತಿನ ವಿಷಯ ಆ ಪಟ್ಟಿ. ಆದರೆ ದಾರಿ ಬೇಸ್‌ಬಾಲ್ ಮೂಲಕ ಹೋಗುತ್ತೆ. ಯಾಕಂದ್ರೆ ಚೆಂಡು ಎಸೆಯುವವರಲ್ಲಿ ಶುರು ಮಾಡೋರು ಯಾರು, ನಡುವೆ ಬಂದು ಕೈ ಹಿಡಿಯೋರು ಯಾರು, ಮುಗಿಸೋರು ಯಾರು ಅನ್ನೋ ಪ್ರಶ್ನೆಗೆ ಆ ಆಟದವರು ತಲೆ ಕೆಡಿಸಿಕೊಂಡಷ್ಟು ಬೇರೆ ಯಾರೂ ಕೆಡಿಸಿಕೊಂಡಿಲ್ಲ. ಅಮೆರಿಕದ ತಂಡದ ಜೊತೆ ರಾತ್ರಿ ಕಾಲ್‌ಗಳಲ್ಲಿ ಕೂತು ಕೂತು ನನಗೆ ಈ ಆಟದ ರುಚಿ ಹತ್ತಿತು.

ಬೇಸ್‌ಬಾಲ್ ಲೆಕ್ಕ, ಎರಡು ನಿಮಿಷದಲ್ಲಿ

ನಮ್ಮ ಬೌಲರ್ ಅಲ್ಲಿ ಪಿಚರ್. ಒಂದು ಪಂದ್ಯಕ್ಕೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಎದುರಾಳಿಯ 3 ಔಟ್. ಒಟ್ಟು 27 ಔಟ್ ಪಡೀಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತೆ. ಅಂದ್ರೆ ಹೆಚ್ಚುಕಮ್ಮಿ ದಿನಾ ಪಂದ್ಯ. 26 ಜನರ ತಂಡದಲ್ಲಿ ಪಿಚರ್‌ಗಳು ಹೆಚ್ಚೆಂದರೆ 13.

ಈ 13ರಲ್ಲಿ ಸಾಮಾನ್ಯವಾಗಿ ಐವರು ಸ್ಟಾರ್ಟರ್‌ಗಳು. ಸರದಿ ಮೇಲೆ ಐದು ದಿನಕ್ಕೊಮ್ಮೆ ಒಬ್ಬೊಬ್ಬರು ಪಂದ್ಯ ಶುರು ಮಾಡ್ತಾರೆ, ಐದಾರು ಇನ್ನಿಂಗ್ಸ್ ಎಸೀತಾರೆ, ಆಮೇಲೆ ನಾಲ್ಕು ದಿನ ತೋಳಿಗೆ ವಿಶ್ರಾಂತಿ. ಉಳಿದವರು ರಿಲೀವರ್‌ಗಳು. ಇವರು ಮೈದಾನದ ಬದಿಯಲ್ಲಿ ಬುಲ್‌ಪೆನ್ ಅನ್ನೋ ಜಾಗದಲ್ಲಿ ಕಾಯ್ತಾ ಕೂತಿರ್ತಾರೆ. ಕರೆ ಬಂದಾಗ ಎದ್ದು ಮೈ ಬಿಸಿ ಮಾಡಿಕೊಂಡು, ಒಳಗೆ ಹೋಗಿ, ಒಂದೆರಡು ಇನ್ನಿಂಗ್ಸ್ ಪೂರ್ತಿ ಜೋರಿನಲ್ಲಿ ಎಸೆದು ಬರ್ತಾರೆ. ಅವರಲ್ಲೇ ಕೊನೆಯ ಇನ್ನಿಂಗ್ಸ್‌ಗೆ ಅಂತ ಇಟ್ಟುಕೊಂಡವರು ಕ್ಲೋಸರ್.

ಕ್ರಿಕೆಟ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಇದನ್ನು ಮರೆತರೆ ಮುಂದಿನದ್ದು ಅರ್ಥ ಆಗಲ್ಲ. ಬೇಸ್‌ಬಾಲ್‌ನಲ್ಲಿ ಒಬ್ಬ ಪಿಚರ್‌ನ ಆಚೆ ಕಳಿಸಿದರೆ ಆತ ಆ ಪಂದ್ಯಕ್ಕೆ ಮತ್ತೆ ಬರೋ ಹಾಗಿಲ್ಲ. ನಮ್ಮಲ್ಲಿ ಬೌಲರ್ ಒಂದು ಸ್ಪೆಲ್ ಮುಗಿಸಿ ಥರ್ಡ್‌ಮ್ಯಾನ್‌ನಲ್ಲಿ ನಿಂತು, ಆಮೇಲೆ ವಾಪಸ್ ಬರಬಹುದು. ಅವರಿಗೆ ಅನ್‌ಡೂ ಬಟನ್ ಇಲ್ಲ. ಅದಕ್ಕೇ ಪ್ರತಿಯೊಂದು ಬದಲಾವಣೆಗೂ ಅಷ್ಟು ಲೆಕ್ಕಾಚಾರ.

ಮೂರನೇ ಸಲ ಎದುರಾದಾಗ

ಬೇಸ್‌ಬಾಲ್‌ನಲ್ಲಿ 9 ಬ್ಯಾಟರ್‌ಗಳು ಒಂದೇ ಕ್ರಮದಲ್ಲಿ ಸುತ್ತು ಹಾಕ್ತಾ ಇರ್ತಾರೆ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು. ಹೀಗಾಗಿ ಒಬ್ಬ ಸ್ಟಾರ್ಟರ್ ಐದಾರು ಇನ್ನಿಂಗ್ಸ್ ಎಸೆದರೆ ಮೊದಲ ಬ್ಯಾಟರ್ ಅವನನ್ನು ಮೂರನೇ ಸಲ ನೋಡ್ತಾನೆ. ಮೂರನೇ ಸಲ ನೋಡುವಾಗ ಬ್ಯಾಟರ್‌ಗಳು ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೀತಾರೆ. ಬಹಳ ವರ್ಷಗಳ ಅಂಕಿಅಂಶದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತೆ. ಪಿಚರ್ ದಣಿದಿರ್ತಾನೆ ಅನ್ನೋದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಪರಿಚಯ. ಕೈಯಿಂದ ಚೆಂಡು ಹೇಗೆ ಬಿಡುಗಡೆ ಆಗುತ್ತೆ, ಎಲ್ಲಿಂದ ತಿರುಗುತ್ತೆ ಅನ್ನೋದು ಕಣ್ಣಿಗೆ ಅಭ್ಯಾಸ ಆಗಿರುತ್ತೆ.

ನಮಗೆ ಇದು ಹೊಸದೇನಲ್ಲ. ಚಂದ್ರಶೇಖರ್ ಅವರ ಗೂಗ್ಲಿಯನ್ನು ಮೊದಲ ಸಲ ಆಡೋದಕ್ಕೂ ಮೂವತ್ತನೇ ಸಲ ಆಡೋದಕ್ಕೂ ವ್ಯತ್ಯಾಸ ಇದ್ದೇ ಇರುತ್ತೆ. ಅಚ್ಚರಿ ಅನ್ನೋದು ಬೌಲರ್ ಹತ್ತಿರ ಇರೋ ಬಂಡವಾಳ, ಪ್ರತಿ ಚೆಂಡಿಗೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತೆ.

ಈಗ ಈ ಲೆಕ್ಕ ಹೇಗೆ ಕೈಕೊಡುತ್ತೆ ನೋಡಿ. 2020ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ 1-0 ಮುಂದಿತ್ತು. ರೇಸ್ ತಂಡದ ಸ್ಟಾರ್ಟರ್ ಬ್ಲೇಕ್ ಸ್ನೆಲ್ ಆವತ್ತು ಬೆಂಕಿ. 73 ಎಸೆತ, 9 ಸ್ಟ್ರೈಕ್‌ಔಟ್, ಎದುರಾಳಿಗೆ ಸಿಕ್ಕಿದ್ದು ಎರಡೇ ಹಿಟ್. ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳು ಆರು ಸಲ ಬಂದು ಆರು ಸಲವೂ ಸ್ಟ್ರೈಕ್‌ಔಟ್. ಆರನೇ ಇನ್ನಿಂಗ್ಸ್‌ನಲ್ಲಿ ಒಂದು ಔಟ್ ಆದಮೇಲೆ ಒಂಬತ್ತನೇ ಬ್ಯಾಟರ್ ಒಂದು ಸಿಂಗಲ್ ಹೊಡೆದ. ಮುಂದೆ ಮೂಕಿ ಬೆಟ್ಸ್, ಮೂರನೇ ಸಲ. ಮ್ಯಾನೇಜರ್ ಕೆವಿನ್ ಕ್ಯಾಶ್ ಒಳಗೆ ನಡೆದು ಬಂದು ಸ್ನೆಲ್‌ನ ಆಚೆ ಕಳಿಸಿದರು. ರಿಲೀವರ್ ನಿಕ್ ಆ್ಯಂಡರ್ಸನ್ ಬಂದರು. ಬೆಟ್ಸ್ ಡಬಲ್ ಹೊಡೆದ, ಅದೇ ಇನ್ನಿಂಗ್ಸ್‌ನಲ್ಲಿ ಎರಡು ರನ್ ಹೋಯ್ತು, ಪಂದ್ಯ 3-1ಕ್ಕೆ ಡಾಡ್ಜರ್ಸ್ ಪಾಲಾಯ್ತು, ಅದರ ಜೊತೆಗೆ ಸರಣಿಯೂ.

ಆವತ್ತಿಂದ ಇವತ್ತಿನವರೆಗೆ ಜನ ಇದನ್ನು ಎಳೆದಾಡ್ತಾ ಇದ್ದಾರೆ. ಅಂಕಿಅಂಶ ನಂಬಿ ಕೆಟ್ಟರು ಅಂತ ಒಂದು ಗುಂಪು. ನಿರ್ಧಾರ ಸರಿ, ಫಲ ಕೆಟ್ಟದ್ದು ಅಂತ ಇನ್ನೊಂದು ಗುಂಪು. ನನ್ನ ಅಭಿಪ್ರಾಯ ಕೇಳಿದ್ರೆ, ಇಬ್ಬರೂ ಸ್ನೆಲ್ ಬಗ್ಗೆ ಮಾತ್ರ ಮಾತಾಡ್ತಾರೆ. ಆ್ಯಂಡರ್ಸನ್ ಆ ಪ್ಲೇಆಫ್‌ನಲ್ಲಿ ಅದಕ್ಕೂ ಮುಂಚಿನ ಹಲವು ಪಂದ್ಯಗಳಲ್ಲಿ ಸತತವಾಗಿ ರನ್ ಬಿಟ್ಟುಕೊಟ್ಟಿದ್ದರು. ಸೀಸನ್ ಪೂರ್ತಿ ಅದ್ಭುತವಾಗಿದ್ದ ತೋಳು ಆಗ ಬಳಲಿತ್ತು. ಒಬ್ಬರನ್ನು ತೆಗೆಯೋದು ಅರ್ಧ ನಿರ್ಧಾರ, ಬದಲಿಗೆ ಯಾರನ್ನು ತರ್ತೀರಿ ಅನ್ನೋದು ಇನ್ನರ್ಧ. "ಈತನಿಗೆ ಸಾಕಾಯ್ತಾ?" ಅನ್ನೋ ಪ್ರಶ್ನೆ ಒಂದೇ ಸಾಲದು. "ಈ ಬ್ಯಾಟರ್‌ಗೆ, ಈ ಗಳಿಗೆಯಲ್ಲಿ, ಇವತ್ತಿನ ಸ್ಥಿತಿಯಲ್ಲಿ ಇಬ್ಬರಲ್ಲಿ ಯಾರು ವಾಸಿ?" ಅಂತ ಕೇಳಬೇಕು.

ಅತ್ಯುತ್ತಮ ಬೌಲರ್‌ನ ಕೊನೆಗೆ ಅಂತ ಎತ್ತಿಡೋದು

ಇನ್ನೊಂದು ಅಭ್ಯಾಸ ಇದೆ, ನಮ್ಮ ಗಲ್ಲಿ ಕ್ರಿಕೆಟ್‌ನಿಂದ ಐಪಿಎಲ್‌ವರೆಗೂ ಇರೋದು. "ಅವನನ್ನ ಕೊನೆಗೆ ಇಟ್ಕೊಳೋಣ." ಬೇಸ್‌ಬಾಲ್‌ನಲ್ಲಿ ಇದಕ್ಕೊಂದು ಇತಿಹಾಸ ಇದೆ.

ಮುನ್ನಡೆ ಉಳಿಸಿ ಪಂದ್ಯ ಮುಗಿಸಿಕೊಟ್ಟ ರಿಲೀವರ್‌ಗೆ 'ಸೇವ್' ಅಂತ ಒಂದು ಅಂಕ ಸಿಗುತ್ತೆ. 1969ರಲ್ಲಿ ಇದು ಅಧಿಕೃತ ಅಂಕಿಯಾಯ್ತು. 1980ರ ದಶಕದ ಕೊನೆಗೆ ಓಕ್ಲೆಂಡ್ ತಂಡದ ಮ್ಯಾನೇಜರ್ ಟೋನಿ ಲಾ ರೂಸ ಅವರು ಡೆನಿಸ್ ಎಕರ್ಸ್ಲಿ ಅನ್ನೋ ಹಳೇ ಸ್ಟಾರ್ಟರ್‌ನ ಹೆಚ್ಚಾಗಿ ಒಂಬತ್ತನೇ ಇನ್ನಿಂಗ್ಸ್‌ಗೆ ಮಾತ್ರ ಇಳಿಸೋಕೆ ಶುರು ಮಾಡಿದರು. 1992ರಲ್ಲಿ ಎಕರ್ಸ್ಲಿಗೆ ಲೀಗ್‌ನ ಅತ್ಯುತ್ತಮ ಪಿಚರ್ ಪ್ರಶಸ್ತಿ, ಅತ್ಯುತ್ತಮ ಆಟಗಾರ ಪ್ರಶಸ್ತಿ ಎರಡೂ ಬಂತು. ನ್ಯೂಯಾರ್ಕ್ ಯಾಂಕೀಸ್‌ನ ಮರಿಯಾನೊ ರಿವೆರಾ ಕೂಡ 1995ರಲ್ಲಿ ಸ್ಟಾರ್ಟರ್ ಆಗಿ ಬಂದು ಅಲ್ಲಿ ನೆಲೆ ನಿಲ್ಲದೆ ರಿಲೀವರ್ ಆದವರು. ಆಮೇಲೆ 652 ಸೇವ್, ಅದು ದಾಖಲೆ. ರಿಲೀವರ್ ಆಗೋದು ಅಂದ್ರೆ ಎರಡನೇ ದರ್ಜೆ ಅಂತ ಅಂದುಕೊಂಡಿರೋ ಹುಡುಗರಿಗೆ ನಾನು ಈ ಇಬ್ಬರ ಕಥೆ ಹೇಳ್ತೀನಿ. ಐದಾರು ಇನ್ನಿಂಗ್ಸ್ ಎಸೆಯೋಕೆ ಮೂರ್ನಾಲ್ಕು ಬಗೆಯ ಎಸೆತ ಬೇಕು. ಒಂದು ಇನ್ನಿಂಗ್ಸ್‌ಗೆ ಒಂದೇ ಸಾಕು, ಅದು ಯಾರೂ ಹೊಡೆಯಲಾಗದ್ದಾಗಿದ್ದರೆ. ರಿವೆರಾ ಬದುಕೆಲ್ಲ ನಡೆದದ್ದು ಬಹುಮಟ್ಟಿಗೆ ಕಟರ್ ಅನ್ನೋ ಒಂದೇ ಎಸೆತದ ಮೇಲೆ.

ಆದರೆ ಅಭ್ಯಾಸ ನಿಯಮ ಆದಾಗ ತೊಂದರೆ. 2016ರಲ್ಲಿ ಬಾಲ್ಟಿಮೋರ್ ತಂಡದ ಕ್ಲೋಸರ್ ಜ್ಯಾಕ್ ಬ್ರಿಟನ್ ಆ ಸೀಸನ್‌ನಲ್ಲಿ 47 ಅವಕಾಶಕ್ಕೆ 47 ಸೇವ್ ಮಾಡಿದ್ದರು. ಅಕ್ಟೋಬರ್ 4ರಂದು ಟೊರೊಂಟೊ ವಿರುದ್ಧ ಸೋತರೆ ಮನೆಗೆ ಅನ್ನೋ ಪಂದ್ಯ. ಸಮಬಲದಲ್ಲಿ 11ನೇ ಇನ್ನಿಂಗ್ಸ್‌ಗೆ ಹೋಯ್ತು. ಮುನ್ನಡೆ ಸಿಕ್ಕಮೇಲೆ ಇಳಿಸೋಣ ಅಂತ ಬ್ರಿಟನ್‌ನ ಕಾಯಿಸಿಟ್ಟರು. ಮುನ್ನಡೆ ಸಿಗಲೇ ಇಲ್ಲ. ಬೇರೆ ಪಿಚರ್‌ನ ಎಸೆತಕ್ಕೆ ಎಡ್ವಿನ್ ಎನ್ಕಾರ್ನಸಿಯಾನ್ ಮೂರು ರನ್‌ಗಳ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು. ಅತ್ಯುತ್ತಮ ಪಿಚರ್ ಒಂದು ಚೆಂಡೂ ಎಸೆಯದೆ ಸೀಸನ್ ಮುಗಿಸಿದ.

ಅದೇ ತಿಂಗಳು ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್ ಟೆರಿ ಫ್ರಾಂಕೋನಾ ಇದರ ತಿರುವು ಮಾಡಿದರು. ಅವರ ಅತ್ಯುತ್ತಮ ರಿಲೀವರ್ ಆ್ಯಂಡ್ರೂ ಮಿಲ್ಲರ್‌ನ ಕೊನೆಗೆ ಅಂತ ಕಾಯಿಸಲಿಲ್ಲ. ಐದನೆಯದಿರಲಿ, ಏಳನೆಯದಿರಲಿ, ಎದುರಾಳಿಯ ಗಟ್ಟಿ ಬ್ಯಾಟರ್‌ಗಳು ಬಂದಾಗ, ಪಂದ್ಯ ತೂಗುಯ್ಯಾಲೆಯಲ್ಲಿದ್ದಾಗ ಇಳಿಸಿದರು. ಲೀಗ್ ಫೈನಲ್ ಸರಣಿಯ ಅತ್ಯುತ್ತಮ ಆಟಗಾರ ಮಿಲ್ಲರ್ ಆದರು. ಒಬ್ಬ ರಿಲೀವರ್‌ಗೆ, ಅದೂ ಕೊನೆಯಲ್ಲಿ ಬಾರದ ರಿಲೀವರ್‌ಗೆ.

ಇದರಲ್ಲಿ ನಮಗೆ ಪಾಠ ಸರಳ. ಪಂದ್ಯ ಸೋಲೋದು 20ನೇ ಓವರ್‌ನಲ್ಲೇ ಆಗಬೇಕು ಅಂತಿಲ್ಲ. ಬಹಳ ಸಲ ಅದು 13ನೇ ಓವರ್‌ನಲ್ಲೇ ಸೋತಿರುತ್ತೆ, ಕೊನೆ ಓವರ್‌ನಲ್ಲಿ ಬರೀ ಘೋಷಣೆ ಆಗುತ್ತೆ. ಉತ್ತಮ ಬೌಲರ್‌ನ ಎರಡು ಓವರ್ ಕೈಯಲ್ಲಿ ಉಳಿಸಿಕೊಂಡು ಸೋಲೋದು ಅಂದ್ರೆ ಜೇಬಲ್ಲಿ ದುಡ್ಡಿಟ್ಕೊಂಡು ಹಸಿದು ಕೂರೋದು.

ನಮ್ಮಲ್ಲಿ ಇದು ಹಳೇ ಸಂಗತಿ

2018ರ ಮೇ 19ರಂದು ಅದೇ ಟ್ಯಾಂಪಾ ಬೇ ತಂಡ ಒಂದು ವಿಚಿತ್ರ ಮಾಡ್ತು. ಸರ್ಜಿಯೊ ರೊಮೊ ಅನ್ನೋ ಅನುಭವಿ ರಿಲೀವರ್‌ನ ಪಂದ್ಯ ಶುರು ಮಾಡೋಕೆ ಇಳಿಸಿತು, ಅದೂ ಒಂದೇ ಇನ್ನಿಂಗ್ಸ್‌ಗೆ. ರೊಮೊ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ ಹೊರಟರು. ಆಮೇಲೆ ಬಂದ ರಯಾನ್ ಯಾರ್ಬ್ರೊ ಆರು ಇನ್ನಿಂಗ್ಸ್‌ಗೂ ಹೆಚ್ಚು ಎಸೆದರು. ಮರುದಿನವೂ ರೊಮೊನೇ ಶುರು ಮಾಡಿದರು. ಇದಕ್ಕೆ 'ಓಪನರ್' ಅಂತ ಹೆಸರು ಬಂತು. ತರ್ಕ ಏನು? ಮೊದಲ ಇನ್ನಿಂಗ್ಸ್‌ನಲ್ಲಿ ಬರೋದು ಎದುರಾಳಿಯ ಅತ್ಯುತ್ತಮ ಬ್ಯಾಟರ್‌ಗಳೇ ಅಂತ ಖಾತ್ರಿ ಇರುತ್ತೆ. ಅವರನ್ನು ರಿಲೀವರ್ ನೋಡಿಕೊಂಡ್ರೆ, ದೀರ್ಘ ಎಸೆಯುವವನು ಕೆಳಗಿನ ಬ್ಯಾಟರ್‌ಗಳಿಂದ ಶುರು ಮಾಡ್ತಾನೆ, ಗಟ್ಟಿಗರು ಅವನನ್ನು ಮೂರನೇ ಸಲ ನೋಡೋದು ತಡ ಆಗುತ್ತೆ.

ಇದನ್ನು ಓದಿದಾಗ ನನಗೆ ನಗು ಬಂತು. ಇದೇ ಆಕಾರದ ಯೋಜನೆಯನ್ನು ಭಾರತ ತಂಡ ಅರ್ಧ ಶತಮಾನದ ಹಿಂದೆಯೇ ಆಡಿತ್ತು. 1967ರ ಜುಲೈನಲ್ಲಿ ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್, ನಾಲ್ವರು ಸ್ಪಿನ್ನರ್‌ಗಳೂ ಒಟ್ಟಿಗೆ ಆಡಿದರು. ಹೊಸ ಚೆಂಡು ಯಾರ ಕೈಗೆ? ಮೈಸೂರು ತಂಡದ ವಿ. ಸುಬ್ರಹ್ಮಣ್ಯ, ಮತ್ತೆ ಮುಲ್ಕಿ ಮೂಲದ ಬುಧಿ ಕುಂದರನ್. ಕುಂದರನ್ ಹೆಸರು ಮಾಡಿದ್ದು ವಿಕೆಟ್ ಕೀಪರ್ ಆಗಿ! ಆ ಪಂದ್ಯ 132 ರನ್‌ಗಳಿಂದ ಸೋತರು. ಆದರೆ ಯೋಜನೆ ಬಿಡಲಿಲ್ಲ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಸೋಲ್ಕರ್, ಆಬಿದ್ ಅಲಿ ಅವರ ಮಧ್ಯಮ ವೇಗದಿಂದ ಶುರುವಾಗಿ, ಚೆಂಡಿನ ಹೊಳಪು ಹೋದಮೇಲೆ ಸ್ಪಿನ್ನರ್‌ಗಳು ಬಂದರು. ಎರಡನೇ ಇನ್ನಿಂಗ್ಸ್‌ನಲ್ಲಿ ಚಂದ್ರ 38 ರನ್‌ಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್‌ನಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು.

ಎರಡರ ಕಾರಣ ಬೇರೆ ಅನ್ನೋದನ್ನು ಮಾತ್ರ ಮರೀಬಾರದು. ಟ್ಯಾಂಪಾ ಬೇಗೆ ಬ್ಯಾಟರ್‌ಗಳ ಕ್ರಮ ತಪ್ಪಿಸಬೇಕಿತ್ತು. ನಮಗೆ ಚೆಂಡು ಹಳೆಯದಾಗಬೇಕಿತ್ತು. ಆದರೆ ಎರಡೂ ಕಡೆ ಒಂದು ಧೈರ್ಯ ಸಮಾನ. ಮೊದಲು ಚೆಂಡು ಹಿಡಿಯೋದು ಗೌರವದ ಪ್ರಶ್ನೆ ಅಲ್ಲ, ಕೆಲಸದ ಪ್ರಶ್ನೆ ಅಂತ ತೀರ್ಮಾನಿಸಿದ್ದು. ತಂಡದ ಅತಿ ದೊಡ್ಡ ಬೌಲರ್‌ಗಳೇ ಎರಡನೆಯವರಾಗಿ ಬಂದರು, ಯಾರೂ ಅವರನ್ನು ಸಣ್ಣವರು ಅನ್ನಲಿಲ್ಲ.

ವಾಪಸ್ ಬರೋ ಸೌಲಭ್ಯ

ಕ್ರಿಕೆಟ್‌ನಲ್ಲಿ ಅನ್‌ಡೂ ಇದೆ ಅಂದೆನಲ್ಲ, ಅದರ ಬಲ ಎಷ್ಟು ಅಂತ ನೋಡೋಕೆ 2019ರ ನವೆಂಬರ್ 29ಕ್ಕೆ ಹೋಗೋಣ. ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಸೆಮಿಫೈನಲ್, ಕರ್ನಾಟಕ-ಹರಿಯಾಣ. ಅಭಿಮನ್ಯು ಮಿಥುನ್ ಮೊದಲ 3 ಓವರ್‌ನಲ್ಲಿ 37 ರನ್ ಕೊಟ್ಟಿದ್ದರು, ವಿಕೆಟ್ ಇಲ್ಲ. ಹರಿಯಾಣ 19 ಓವರ್‌ಗೆ 3 ವಿಕೆಟ್‌ಗೆ 192. ಕೊನೆಯ ಓವರ್ ಮತ್ತೆ ಮಿಥುನ್‌ಗೆ. ಮೊದಲ ನಾಲ್ಕು ಚೆಂಡಿಗೆ ನಾಲ್ಕು ವಿಕೆಟ್, ಆಮೇಲೆ ಒಂದು ವೈಡ್, ಒಂದು ರನ್, ಕೊನೆ ಚೆಂಡಿಗೆ ಐದನೇ ವಿಕೆಟ್. ಹರಿಯಾಣ 8ಕ್ಕೆ 194. ಕರ್ನಾಟಕ 8 ವಿಕೆಟ್‌ಗಳಿಂದ ಗೆದ್ದಿತು.

ಇಂಥ ಓವರ್ ತೋರಿಸಿ "ನೋಡಿ, ಮಿಥುನ್ ಡೆತ್ ಬೌಲರ್" ಅಂದ್ರೆ ಅಂಕಿಅಂಶಕ್ಕೆ ಅನ್ಯಾಯ. ಒಂದು ಓವರ್‌ನಿಂದ ಏನೂ ಸಾಬೀತಾಗಲ್ಲ. ಆ ಹೊತ್ತಲ್ಲಿ ಬ್ಯಾಟರ್‌ಗಳು ಎಲ್ಲಾ ಚೆಂಡಿಗೂ ಬೀಸ್ತಾ ಇರ್ತಾರೆ, ವಿಕೆಟ್ ಬೀಳೋ ಸಾಧ್ಯತೆಯೂ ಜಾಸ್ತಿ. ಆದರೆ ಒಂದು ಮಾತು ಹೇಳಬಹುದು. ಬೇಸ್‌ಬಾಲ್‌ನಲ್ಲಾಗಿದ್ದರೆ ಆ 37 ರನ್ ಆದಮೇಲೆ ಆತ ಆ ಪಂದ್ಯದಲ್ಲಿ ಮತ್ತೆ ಕಾಣ್ತಾನೇ ಇರಲಿಲ್ಲ. ನಮ್ಮ ಆಟದಲ್ಲಿ ಬೌಲರ್‌ಗೆ ಎರಡನೇ ಪಾತ್ರ ಕೊಡಬಹುದು. ಹೊಸ ಚೆಂಡಲ್ಲಿ ಎರಡು ಓವರ್, ಆಮೇಲೆ ವಿರಾಮ, ಯಾರ್ಕರ್ ಮತ್ತು ನಿಧಾನದ ಚೆಂಡಿನ ಜೊತೆ ಕೊನೆಗೆ ಎರಡು. ಒಬ್ಬನೇ ಮನುಷ್ಯ, ಇಬ್ಬರು ಬೌಲರ್‌ಗಳು.

ನಮ್ಮ ಪಟ್ಟಿ ಹೇಗೆ ಮಾಡ್ತೀವಿ

ಈಗ ಖಡಕಿಗೆ ಬರೋಣ. ನಮ್ಮ ಹತ್ತಿರ ಆರು ಬೌಲರ್‌ಗಳು, ಒಬ್ಬರಿಗೆ ಹೆಚ್ಚೆಂದರೆ 4 ಓವರ್. ಅಂದ್ರೆ ಕೈಯಲ್ಲಿ 24 ಓವರ್ ಇದೆ, ಬೇಕಿರೋದು 20. ಪ್ರತಿ ಬೌಲರ್ ಬಗ್ಗೆ ನಾನು ಮೂರು ವಿಷಯ ಬರೆದಿಡ್ತೀನಿ.

ಮೊದಲನೆಯದು, ಚೆಂಡು ಹೊಸದಿದ್ದಾಗ ಹೇಗೆ, ಹಳೆಯದಾದಾಗ ಹೇಗೆ. ಎರಡೂ ಒಂದೇ ಥರ ಇರೋರು ಅಪರೂಪ. ದಾವಣಗೆರೆಯವನಾಗಿ ವಿನಯ್ ಕುಮಾರ್ ಹೆಸರು ಹೇಳದಿದ್ರೆ ಊರಿಗೆ ಹೋಗೋಕಾಗಲ್ಲ. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ರಣಜಿ ಫೈನಲ್, ವಿನಯ್ 34ಕ್ಕೆ 5, ತಮಿಳುನಾಡು 134ಕ್ಕೆ ಆಲೌಟ್. ಅದು ಸ್ವಿಂಗ್ ಆಗೋ ಚೆಂಡಿನ ಕೆಲಸ. ಅಂಥ ಬೌಲರ್‌ನ ನಾಲ್ಕು ಓವರ್‌ನಲ್ಲಿ ಮೂರನ್ನು ಮೊದಲ ಆರರಲ್ಲೇ ಮುಗಿಸೋದು ಬುದ್ಧಿವಂತಿಕೆ. ಕೊನೆಗೆ ಅಂತ ಎತ್ತಿಟ್ಟರೆ ಸ್ವಿಂಗ್ ಇರಲ್ಲ, ಹೆಸರು ಮಾತ್ರ ಇರುತ್ತೆ.

ಎರಡನೆಯದು, ಮೊದಲ ಓವರ್ ಹೇಗೆ ಹಾಕ್ತಾರೆ. ಕೆಲವರಿಗೆ ಲಯ ಸಿಗೋಕೆ ಒಂದು ಓವರ್ ಬೇಕು. ಅಂಥವರನ್ನು 17ನೇ ಓವರ್‌ಗೆ ಮೊದಲ ಸಲ ಇಳಿಸಿದರೆ ಅವರು ಲಯ ಹುಡುಕೋ ಹೊತ್ತಿಗೆ 20 ರನ್ ಹೋಗಿರುತ್ತೆ. ಅವರು ಸ್ಟಾರ್ಟರ್ ಸ್ವಭಾವದವರು. ಇನ್ನು ಕೆಲವರ ಮೊದಲ ಓವರ್ರೇ ಅತ್ಯುತ್ತಮ, ಮೂರನೇ ಓವರ್‌ಗೆ ಎಲ್ಲರಿಗೂ ಓದಲು ಸಿಗ್ತಾರೆ. ಅವರು ರಿಲೀವರ್ ಸ್ವಭಾವದವರು. ಇವರ ನಾಲ್ಕೂ ಓವರ್ ಹಾಕಿಸಲೇಬೇಕು ಅಂತಿಲ್ಲ. ಎರಡು ಹಾಕಿಸಿ, ಬ್ಯಾಟರ್ ಬದಲಾದಮೇಲೆ ಇನ್ನೊಂದು. ಸ್ಕೋರ್ ಬುಕ್‌ನಿಂದಲೇ ಇದನ್ನು ತೆಗೀಬಹುದು, ಪ್ರತಿಯೊಬ್ಬರ ಮೊದಲ, ಎರಡನೇ, ಮೂರನೇ ಓವರ್‌ನ ರನ್‌ಗಳನ್ನು ಬೇರೆ ಬೇರೆ ಕಾಲಂನಲ್ಲಿ ಬರೆದರೆ ಸಾಕು. ಹತ್ತು ಪಂದ್ಯ ಆಗೋವರೆಗೆ ತೀರ್ಪು ಕೊಡಬೇಡಿ.

ಮೂರನೆಯದು, ಈ ವಾರ ಈ ತೋಳು, ಈ ಬೆನ್ನು ಎಷ್ಟು ಚೆಂಡು ಹಾಕಿದೆ. ಇವತ್ತಿನ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

192 ಚೆಂಡು

ನಮ್ಮ ತಂಡದಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗ ಇದ್ದಾನೆ. ಅಪ್ಪ ಅಮ್ಮ ವಿಜಯಪುರದ ಕಡೆಯವರು. ತಂಡದಲ್ಲಿ ಎಲ್ಲರಿಗಿಂತ ವೇಗ. ಸಹಜವಾಗಿ ಕ್ಯಾಪ್ಟನ್‌ಗೆ ಮೊದಲ ಓವರ್‌ಗೂ ಅವನೇ ಬೇಕು, ಕೊನೆಯ ಓವರ್‌ಗೂ ಅವನೇ. ಒಂದಿನ ಅವರ ಅಮ್ಮ ದಾರಿಯಲ್ಲಿ ಸಿಕ್ಕು ಕೇಳಿದರು: "ಅಣ್ಣಾರ, ಇಂವ ವಾರಕ್ಕ ಎಷ್ಟ್ ಬಾಲ್ ಹಾಕ್ತಾನ್ರೀ? ರಾತ್ರಿ ಬೆನ್ನ ಹಿಡ್ಕೊಂಡ್ ಮಲಗ್ತಾನ."

ಲೆಕ್ಕ ಹಾಕಿದ್ವಿ. ಶನಿವಾರ ಕಾಲೇಜ್ ತಂಡಕ್ಕೆ 8 ಓವರ್, 48 ಚೆಂಡು. ಭಾನುವಾರ ನಮಗೆ 4 ಓವರ್, 24. ಮಂಗಳವಾರ, ಗುರುವಾರ ಸಂಜೆ ಒಂದು ಕ್ಲಬ್‌ನ ನೆಟ್ಸ್, ದಿನಕ್ಕೆ ಸುಮಾರು 60ರಂತೆ 120. ಒಟ್ಟು 192. ಕಾಲೇಜಿನವರಿಗೆ ಗೊತ್ತಿದ್ದದ್ದು 48, ನಮ್ಮ ಕ್ಯಾಪ್ಟನ್‌ಗೆ 24, ಕೋಚ್‌ಗೆ 120. 192 ಅನ್ನೋ ಸಂಖ್ಯೆ ಯಾರ ಹತ್ತಿರವೂ ಇರಲಿಲ್ಲ. ಅದು ಗೊತ್ತಿದ್ದದ್ದು ಆ ಬೆನ್ನಿಗೆ ಮಾತ್ರ. ಇನ್ನೊಂದು ಗಮನಿಸಿ, ಇದರಲ್ಲಿ ಪಂದ್ಯದ ಚೆಂಡಿಗಿಂತ ನೆಟ್ಸ್ ಚೆಂಡೇ ಜಾಸ್ತಿ.

ವೇಗದ ಬೌಲರ್ ಮುಂದಿನ ಕಾಲು ನೆಲಕ್ಕೆ ಬಡಿದಾಗ ಬೆನ್ನಿನ ಕೆಳಭಾಗ ಒಂದೇ ಕ್ಷಣದಲ್ಲಿ ಹಿಂದಕ್ಕೆ ಬಾಗುತ್ತೆ, ಪಕ್ಕಕ್ಕೆ ವಾಲುತ್ತೆ, ತಿರುಗುತ್ತೆ. ಹದಿನೇಳರಲ್ಲಿ ಆ ಮೂಳೆ ಇನ್ನೂ ಪೂರ್ತಿ ಬಲಿತಿರಲ್ಲ. ದಿನಾ ಸಣ್ಣ ಸಣ್ಣ ಪೆಟ್ಟು, ನಡುವೆ ವಾಸಿಯಾಗೋಕೆ ಬಿಡುವಿಲ್ಲ ಅಂದ್ರೆ ಬಿರುಕು ಬಿಡುತ್ತೆ. ಅದೇ ಸ್ಟ್ರೆಸ್ ಫ್ರ್ಯಾಕ್ಚರ್. ನಮ್ಮ ಪ್ರಸಿದ್ಧ್ ಕೃಷ್ಣ ಇದರಿಂದ 2022ರಲ್ಲಿ ಹೊರಗೆ ಕೂತರು, ಶಸ್ತ್ರಚಿಕಿತ್ಸೆ ಆಯ್ತು, 2023ರ ಐಪಿಎಲ್ ಪೂರ್ತಿ ಹೋಯ್ತು, ವಾಪಸ್ ಬಂದದ್ದು ಆ ವರ್ಷದ ಆಗಸ್ಟ್‌ನಲ್ಲಿ. 2025ರ ಐಪಿಎಲ್‌ನಲ್ಲಿ 25 ವಿಕೆಟ್‌ಗಳೊಂದಿಗೆ ಅತಿ ಹೆಚ್ಚು ವಿಕೆಟ್ ಪಡೆದವರು ಅವರೇ. ಅವರಿಗೆ ವೈದ್ಯರು, ಫಿಸಿಯೊ, ಅಕಾಡೆಮಿ ಎಲ್ಲಾ ಇತ್ತು. ನಮ್ಮ ಭಾನುವಾರದ ಹುಡುಗನಿಗೆ ಇರೋದು ಅಮ್ಮ ಹಚ್ಚೋ ಎಣ್ಣೆ.

ಬೇಸ್‌ಬಾಲ್ ಇಲ್ಲಿ ಒಂದು ದಾರಿ ತೋರಿಸುತ್ತೆ. ಅಲ್ಲಿ ಮೊಣಕೈಯ ಸ್ನಾಯುಬಂಧ ಹರಿಯೋದು ದೊಡ್ಡ ಪಿಡುಗು. 1974ರಲ್ಲಿ ಟಾಮಿ ಜಾನ್ ಅನ್ನೋ ಪಿಚರ್‌ಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ನಿಂತಿದೆ. ಎಳೆಯ ಹುಡುಗರಲ್ಲೂ ಅದು ಹೆಚ್ಚಾದಾಗ, 2014ರಲ್ಲಿ ಮೇಜರ್ ಲೀಗ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 'ಪಿಚ್ ಸ್ಮಾರ್ಟ್' ಅಂತ ಮಾರ್ಗಸೂಚಿ ತಂದವು. 17-18 ವಯಸ್ಸಿನವರಿಗೆ ದಿನಕ್ಕೆ ಹೆಚ್ಚೆಂದರೆ 105 ಎಸೆತ. 30ರ ಒಳಗಿದ್ದರೆ ಮರುದಿನವೂ ಎಸೆಯಬಹುದು, ಅದಕ್ಕಿಂತ ಹೆಚ್ಚಾದಷ್ಟೂ ವಿಶ್ರಾಂತಿಯ ದಿನ ಹೆಚ್ಚಬೇಕು. ಮತ್ತೊಂದು ಸಲಹೆ ನಮಗೆ ನೇರವಾಗಿ ತಾಗುತ್ತೆ: ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಎಸೆಯಬೇಡಿ. ಕ್ರಿಕೆಟ್ ಬೌಲಿಂಗ್‌ಗೂ ಬೇಸ್‌ಬಾಲ್ ಪಿಚಿಂಗ್‌ಗೂ ಪೆಟ್ಟು ಬೀಳೋ ಜಾಗ ಬೇರೆ, ಹಾಗಾಗಿ ಆ 105ನ್ನು ತಂದು ಇಲ್ಲಿ ಅಂಟಿಸೋಕೆ ಬರಲ್ಲ. ತರಬೇಕಾದ್ದು ಎಣಿಸೋ ಅಭ್ಯಾಸ.

ನಾವು ಮಾಡಿದ್ದು ಇಷ್ಟೇ. ಒಂದು ಹಂಚಿಕೊಂಡ ಶೀಟ್, ಅದರಲ್ಲಿ ಹುಡುಗನೇ ಪ್ರತಿ ಸಂಜೆ ಅಂದಿನ ಚೆಂಡು ಬರೀತಾನೆ. ಕಾಲೇಜಿನ ಕ್ಯಾಪ್ಟನ್, ಕೋಚ್, ನಮ್ಮ ಕ್ಯಾಪ್ಟನ್, ಅವರ ಅಮ್ಮ, ನಾಲ್ವರಿಗೂ ಅದು ಕಾಣುತ್ತೆ. ಬೆನ್ನು ನೋವಿಗೆ ಮೊದಲು ಮೂಳೆ ಡಾಕ್ಟರ್ ಹತ್ತಿರ ತೋರಿಸಿ ಅಂದ್ವಿ, ತೋರಿಸಿದರು. ಬಿರುಕಿಲ್ಲ, ಆದರೆ ಕೆಲವು ವಾರ ಬೌಲಿಂಗ್ ಬೇಡ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ ಅಂದರು. ಈಗ ಅವನು ನಮ್ಮ ತಂಡದಲ್ಲಿ ರಿಲೀವರ್. ಭಾನುವಾರ ಎರಡೇ ಓವರ್, ಪಂದ್ಯ ಬಿಗಿಯಾದಾಗ. ಅದು ಎಂಟನೇ ಓವರ್ ಆದರೂ ಸರಿ. ಆ ಅವಧಿಯಲ್ಲಿ ನಾವು ಎರಡು ಪಂದ್ಯ ಸೋತೆವು, ಅವನು ಪೂರ್ತಿ ಹಾಕಿದ್ದರೆ ಬಹುಶಃ ಗೆಲ್ತಿದ್ವಿ. ತಂಡದಲ್ಲಿ ಗೊಣಗಾಟವೂ ಆಯ್ತು. ನಡೀಲಿ. ನಮಗೆ ಭಾನುವಾರಗಳು ಬಹಳ ಇವೆ, ಅವನಿಗೆ ಬೆನ್ನು ಒಂದೇ.

ಮುಂಚೆಯೇ ಹೇಳಿ

ಕೊನೆಯ ಅಂಶ. ಬೇಕಾದಾಗ ಬೇಕಾದವರನ್ನು ಇಳಿಸಿ ಅಂತ ಇಷ್ಟು ಹೊತ್ತು ಹೇಳಿದೆ. ಆದರೆ ಕೂತಿರೋ ಬೌಲರ್ ಯಂತ್ರ ಅಲ್ಲ. ಬೇಸ್‌ಬಾಲ್‌ನಲ್ಲಿ ಬುಲ್‌ಪೆನ್‌ಗೆ ಫೋನ್ ಇದೆ, "ಎದ್ದೇಳು" ಅಂತ ಮುಂಚೆಯೇ ಹೇಳ್ತಾರೆ. ನಮ್ಮಲ್ಲಿ ಕ್ಯಾಪ್ಟನ್ ಚೆಂಡನ್ನು ಎಸೆದು "ಹಾಕು" ಅಂತಾನೆ, ಬೌಲರ್ ತಣ್ಣಗಿನ ಮೈಯಲ್ಲಿ ಓಡ್ತಾನೆ.

ಸಾಫ್ಟ್‌ವೇರ್‌ನಲ್ಲಿ ಆನ್-ಕಾಲ್ ಇರೋರಿಗೆ ಇದು ಗೊತ್ತು. ಈ ವಾರ ರಾತ್ರಿ ಫೋನ್ ಬರಬಹುದು ಅಂತ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಮಲಗ್ತೀವಿ. ಗೊತ್ತಿಲ್ಲದೆ ಬಂದ ಫೋನ್‌ಗೆ ತಪ್ಪು ಕಮಾಂಡ್ ಹೊಡೀತೀವಿ. ಅದಕ್ಕೆ ಶನಿವಾರ ರಾತ್ರಿ ನಾನು ಗುಂಪಿಗೆ ಸಂದೇಶ ಹಾಕ್ತೀನಿ: ಶುರು ಮಾಡೋರು ಇಬ್ಬರು, ಅವರ ಬೆನ್ನಿಗೆ ಇಬ್ಬರು, ಬಿಗಿಯಾದಾಗ ಇವರು, ಮುಗಿಸೋದು ಇವರು. ಮೈದಾನದಲ್ಲಿ ಕ್ಯಾಪ್ಟನ್ ಬದಲಿಸಬಹುದು, ಆದರೆ ಎರಡು ಓವರ್ ಮುಂಚೆ ಸನ್ನೆ ಮಾಡಬೇಕು. ಬೌಲರ್ ಬೌಂಡರಿಯಲ್ಲೇ ಭುಜ ತಿರುಗಿಸಿಕೊಳ್ತಾನೆ. ಪಾತ್ರ ಖಚಿತ ಇರಲಿ, ಓವರ್ ಸಂಖ್ಯೆ ಸಡಿಲ ಇರಲಿ.

ಕೇಳಿದ ಎರಡು ಪ್ರಶ್ನೆ

ಪ್ರಶ್ನೆ: ನಮ್ಮ ತಂಡದಲ್ಲಿ ನಾಲ್ಕೇ ಬೌಲರ್ ಇದ್ದಾರೆ, ಆರಿಸೋಕೆ ಏನಿದೆ ಸರ್?

ಹಾಗಿದ್ರೆ ಆರಿಸೋ ಕೆಲಸ ಪಂದ್ಯದ ದಿನ ಅಲ್ಲ, ಅಭ್ಯಾಸದ ದಿನ ಶುರುವಾಗುತ್ತೆ. ಸುಬ್ರಹ್ಮಣ್ಯ, ಕುಂದರನ್ ನೆನಪಿಸಿಕೊಳ್ಳಿ. ಬ್ಯಾಟರ್ ಒಬ್ಬರಿಗೆ ನೇರವಾಗಿ, ಸರಿಯಾದ ಉದ್ದಕ್ಕೆ ಎರಡು ಓವರ್ ಹಾಕೋಕೆ ಕಲಿಸಿ. ಅವರು ವಿಕೆಟ್ ತೆಗೀಬೇಕಾಗಿಲ್ಲ, ನಿಮ್ಮ ಗಟ್ಟಿ ಬೌಲರ್‌ಗೆ ಎರಡು ಓವರ್ ಬಿಡುವು ಕೊಟ್ಟರೆ ಸಾಕು.

ಪ್ರಶ್ನೆ: ರಿಲೀವರ್ ಅಂದ್ರೆ ಹುಡುಗರಿಗೆ ಬೇಜಾರಾಗಲ್ವಾ?

ಆಗುತ್ತೆ. ನಮ್ಮ ಹುಡುಗನಿಗೂ ಆಯ್ತು, ಎರಡು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಸ್ಕೋರ್ ಬುಕ್ ತೋರಿಸಿದೆ. ಅವನನ್ನು ಇಳಿಸಿದ ಹೊತ್ತಿನಲ್ಲಿ ಪಂದ್ಯ ಎಲ್ಲಿತ್ತು, ಅವನ ಎರಡು ಓವರ್ ನಂತರ ಎಲ್ಲಿಗೆ ಬಂತು ಅಂತ. "ದಾದಾ, ಹಂಗಾರ ನಾ ಸುಮ್ನ ಕೂತಿಲ್ಲ" ಅಂದ. ಅಷ್ಟು ಸಾಕು.

ಮುಂದಿನ ಪಂದ್ಯಕ್ಕೆ ಮುಂಚೆ ನಿಮ್ಮ ತಂಡದ ಅತಿ ಕಿರಿಯ ಬೌಲರ್‌ನ ಹತ್ತಿರ ಹೋಗಿ, ಈ ವಾರ ಎಲ್ಲಾ ಕಡೆ ಸೇರಿ ಎಷ್ಟು ಚೆಂಡು ಹಾಕಿದೆಯಪ್ಪಾ ಅಂತ ಕೇಳಿ. ಮೊದಲ ಓವರ್ ಯಾರಿಗೆ ಅನ್ನೋದನ್ನು ಅದಾದಮೇಲೆ ಯೋಚಿಸೋಣ.